ಬಯಲು ಬಿಯರ್ ಅಂಗಳ: ಎಷ್ಟು ಜಾಗಕ್ಕೆ ಎಷ್ಟು ಆಸನ?

2023ರ ಅಕ್ಟೋಬರ್ 18ರಂದು ಬೆಂಗಳೂರಿನ ಕೋರಮಂಗಲದಲ್ಲಿ ಕಟ್ಟಡವೊಂದರ ಮೇಲ್ಮಹಡಿಯ ಕೆಫೆಗೆ ಬೆಂಕಿ ಬಿದ್ದಾಗ, ಒಬ್ಬರು ಜೀವ ಉಳಿಸಿಕೊಳ್ಳಲು ಮೇಲಿನಿಂದ ಜಿಗಿದು ಗಾಯಗೊಂಡರು. ಬಳಿಕ ಮಹಾನಗರ ಪಾಲಿಕೆಯು ನಗರದ ಇಂತಹ ಬಾರ್, ರೆಸ್ಟೋರೆಂಟ್‌ಗಳ ತಪಾಸಣೆಗೆ ಮುಂದಾಯಿತು. ತೆರೆದ ಜಾಗವೆಂದ ಮಾತ್ರಕ್ಕೆ ಅದು ಸುರಕ್ಷಿತವಲ್ಲ ಎಂಬುದಕ್ಕೆ ಈ ಘಟನೆಯೇ ಸಾಕ್ಷಿ. ಅಂಗಳದಲ್ಲಿ ಎಷ್ಟು ಕುರ್ಚಿ ಹಿಡಿಸುತ್ತವೆ ಎಂಬುದಕ್ಕಿಂತ, ಎಷ್ಟು ಜನ ಸಲೀಸಾಗಿ ಹೊರಬರಬಲ್ಲರು ಎಂಬುದೇ ಅದರ ನಿಜವಾದ ಸಾಮರ್ಥ್ಯ.

ಹೊರದಾರಿಗಳನ್ನು ರೂಪಿಸುವಾಗ ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯು (2016) ಭೋಜನ ಕೊಠಡಿಗಳಿಗೆ ತಲಾ 1.8 ಚದರ ಮೀಟರ್ ಲೆಕ್ಕ ಹಿಡಿಯುತ್ತದೆ. ಬಯಲು ಅಂಗಳಕ್ಕೂ ಈ ಅಳತೆ ಉತ್ತಮ ಮಾರ್ಗದರ್ಶಿ. ಉದಾಹರಣೆಗೆ, 30 ಮೀಟರ್ ಉದ್ದ, 20 ಮೀಟರ್ ಅಗಲದ ಅಂಗಳದ ವಿಸ್ತೀರ್ಣ 600 ಚದರ ಮೀಟರ್. ಅಡುಗೆಮನೆ, ಕೌಂಟರ್, ಶೌಚಾಲಯ, ಮರಗಳು ಹಾಗೂ ಮುಖ್ಯ ದಾರಿಗೆಂದು ಶೇ. 40ರಷ್ಟನ್ನು ಕಳೆದರೆ ಉಳಿಯುವುದು 360. ಇದರಲ್ಲಿ 200 ಮಂದಿಗೆ ಅವಕಾಶ. ಎಂಟು ಜನರ ಮೇಜುಗಳಾದರೆ 25.

ವಾರಾಂತ್ಯದ ನೂಕುನುಗ್ಗಲಿಗೆ ಹೆಚ್ಚುವರಿ ಮೇಜು ತಂದಿಟ್ಟರೆ ಮೊದಲು ಬಲಿಯಾಗುವುದು ದಾರಿ. ತಟ್ಟೆ ಹಿಡಿದ ಮಾಣಿ ಮತ್ತು ಎದ್ದು ಹೊರಟ ಗ್ರಾಹಕ ಎದುರಾದರೂ ತಾಗದಷ್ಟು ಜಾಗ ಸಾಲುಗಳ ನಡುವೆ ಇರಬೇಕು. ಪರಸ್ಪರ ದೂರದಲ್ಲಿ ಕನಿಷ್ಠ ಎರಡು ಹೊರದಾರಿಗಳು ಬೇಕು. ಗ್ಯಾಸ್ ಸಿಲಿಂಡರ್‌ಗಳು ಆಸನಗಳಿಂದಲೂ ದಾರಿಯಿಂದಲೂ ದೂರವಿರಬೇಕು.

ಇನ್ನೊಂದು ಮಿತಿ ನೆರಳಿನದು. ಬಿಯರ್ ಅಂಗಳದ ತವರಾದ ಜರ್ಮನಿಯ ಬವೇರಿಯಾದಲ್ಲಿ, ನೆಲಮಾಳಿಗೆಯಲ್ಲಿಟ್ಟ ಬಿಯರ್ ತಂಪಾಗಿರಲೆಂದು ತಯಾರಕರು ಮೇಲೆ ಚೆಸ್ಟ್‌ನಟ್ ಮರಗಳನ್ನು ಬೆಳೆಸಿದರು. 1812ರಲ್ಲಿ ದೊರೆ ಒಂದನೇ ಮ್ಯಾಕ್ಸಿಮಿಲಿಯನ್ ಅಲ್ಲಿಯೇ ಬಿಯರ್ ಮಾರಲು ಅನುಮತಿಯಿತ್ತನು. ಅಲ್ಲಿ ನೆರಳು ಮೊದಲು ಬಂತು, ಮೇಜು ಆಮೇಲೆ.

ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಂತಹ ಬಿಸಿಲ ಸೀಮೆಯಲ್ಲಿ ಬಯಲು ಅಂಗಳ ಕಟ್ಟುವವರಿಗೂ ಇದು ಪಾಠ. ಬೇವು, ಹೊಂಗೆಗಳ ನೆರಳು 150 ಆಸನಗಳಿಗಷ್ಟೇ ಸಾಕಾದರೆ, ಬೇಸಿಗೆಯ ಹಗಲಿನಲ್ಲಿ ಅಂಗಳದ ಸಾಮರ್ಥ್ಯ 150 ಮಾತ್ರ, ಸಂಜೆಗೆ 200. ಎರಡೂ ಸಂಖ್ಯೆಗಳನ್ನು ಬಾಗಿಲಲ್ಲೇ ಬರೆದು ತೂಗುಹಾಕುವುದು, ಆ ಮಿತಿ ತುಂಬಿದೊಡನೆ ಹೊಸಬರನ್ನು ವಿನಯದಿಂದ ಕಾಯಿಸುವುದು ಮಾಲೀಕರ ಹೊಣೆ. ಒಂದು ಮೇಜಿನ ಆದಾಯಕ್ಕಿಂತ ಒಂದು ದಾರಿಯ ಬೆಲೆ ಹೆಚ್ಚು.