ಹೆಸರಿಗಷ್ಟೇ ವೈರ್‌ಲೆಸ್

ಆಲೂರು ತಾಲ್ಲೂಕಿನ ಕುಂದೂರು ಕಡೆಯ ತೋಟದ ಮನೆಗಳಲ್ಲಿ ಲ್ಯಾಂಡ್‌ಲೈನ್ ಅಂದ್ರೆ ಶೋಕೇಸಿನ ವಸ್ತುವಲ್ಲ. ಗುಡ್ಡದ ಮರೆಯಲ್ಲಿ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಸಿಕ್ಕರೆ ಅದೃಷ್ಟ. ನಮ್ಮ ಮನೆಯಲ್ಲಿ ಫೋನ್ ಇರುವುದು ಜಗಲಿಯಲ್ಲಿ, ಅಮ್ಮ ಮಲಗುವುದು ಹಿಂದಿನ ಕೋಣೆಯಲ್ಲಿ. ಹಂಚಿನ ಮೇಲೆ ಮಳೆ ಸುರಿಯುವಾಗ ಜಗಲಿಯ ರಿಂಗು ಅಲ್ಲಿಗೆ ಕೇಳುವುದೇ ಇಲ್ಲ. ರಾತ್ರಿ ಹೊತ್ತು ಬರುವ ಫೋನು ಸುಮ್ಮನೆ ಬರುವುದಲ್ಲ. ಆನೆ ಓಡಾಡುವ ಸೀಮೆ ನಮ್ಮದು. ಅರಣ್ಯ ಇಲಾಖೆಯ ಎಸ್ಸೆಮ್ಮೆಸ್ ಓದಲು ಸಿಗ್ನಲ್ ಬೇಕು. ಹಾಗಾಗಿ ಪಕ್ಕದ ತೋಟದವರು ಫೋನ್ ಮಾಡಿ, ‘ಅಕ್ಕಾ, ನಿಮ್ ಕಡೆ ಇಳಿದಿದೆ, ಬೆಳಕು ಹರಿಯೋ ತನಕ ಬಾಗಿಲು ತೆಗೀಬೇಡಿ’ ಅನ್ನುವ ಒಂದು ಮಾತು ಅಮ್ಮನಿಗೆ ತಲುಪಬೇಕು.

ಇದಕ್ಕಾಗಿ ಬಂದದ್ದು ವೈರ್‌ಲೆಸ್ ಫೋನ್ ಜ್ಯಾಕ್ ಎಕ್ಸ್‌ಟೆಂಡರ್. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ತಂದುಕೊಟ್ಟ. ಎರಡು ಪುಟ್ಟ ಪೆಟ್ಟಿಗೆ. ಒಂದನ್ನು ಫೋನ್ ಜ್ಯಾಕಿನ ಹತ್ತಿರದ ಪ್ಲಗ್ಗಿಗೆ, ಇನ್ನೊಂದನ್ನು ಬೇಕಾದ ಕೋಣೆಯ ಪ್ಲಗ್ಗಿಗೆ ಹಾಕಿದರೆ ಅಲ್ಲೂ ಫೋನ್ ಇಡಬಹುದು. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230. ಹಿಂಭಾಗದ ಚೀಟಿಯಲ್ಲಿ ‘100–240’ ಅಂತ ಇದ್ದರೆ ಮಾತ್ರ ನೇರ ಚುಚ್ಚಿ. ಇಲ್ಲದಿದ್ದರೆ ಒಂದೇ ಕ್ಷಣದಲ್ಲಿ ಹೊಗೆ. ನಮ್ಮದರಲ್ಲಿ ಇತ್ತು.

ಚುಚ್ಚಿದೆವು. ಜಗಲಿಯಲ್ಲಿ ದೀಪ ಹತ್ತಿತು, ಹಿಂದಿನ ಕೋಣೆಯಲ್ಲಿ ಫೋನ್ ಸತ್ತಂತೆ ಬಿದ್ದಿತ್ತು.

ಇಲ್ಲಿ ತಿಳಿಯಬೇಕಾದದ್ದು ಒಂದೇ. ಇದು ವೈ-ಫೈ ಥರ ಗಾಳಿಯಲ್ಲಿ ಹೋಗುವುದಲ್ಲ. ಮಾತನ್ನು ಹೆಚ್ಚಿನ ಫ್ರೀಕ್ವೆನ್ಸಿಯ ಸಿಗ್ನಲ್ ಮಾಡಿ ಮನೆಯ ಕರೆಂಟ್ ವೈರಿನ ಮೇಲೆಯೇ ಕಳಿಸುತ್ತದೆ. ಹೆಸರಿಗಷ್ಟೇ ವೈರ್‌ಲೆಸ್! ಹಾಗಾಗಿ ರೋಗ ಹುಡುಕಬೇಕಾದದ್ದು ಪೆಟ್ಟಿಗೆಯಲ್ಲಿ ಮಾತ್ರವಲ್ಲ, ಮನೆಯ ವೈರಿಂಗಿನಲ್ಲೂ.

ಮೊದಲು ಲೈನ್ ನೋಡಿ. ಸಾದಾ ಫೋನನ್ನು ಗೋಡೆಯ ಜ್ಯಾಕಿಗೆ ನೇರ ಹಾಕಿದಾಗ ಡಯಲ್ ಟೋನ್ ಬಂದರೆ ಲೈನ್ ಸರಿ. ಅದೇ ಲೈನಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಸ್ಪ್ಲಿಟರಿನ ‘ಫೋನ್’ ಕಂಡಿಯಿಂದಲೇ ಎಕ್ಸ್‌ಟೆಂಡರಿಗೆ ಕೊಡಿ. ಫೈಬರ್ ಬಂದಿರುವ ಮನೆಯಾದರೆ ಮೋಡೆಮ್ಮಿನ ಹಿಂದಿರುವ ಫೋನ್ ಪೋರ್ಟಿನಿಂದ.

ಆಮೇಲೆ ಸ್ಪೈಕ್ ಬಸ್ಟರ್ ತೆಗೆಯಿರಿ. ಕರೆಂಟಿನ ಗಲೀಜು ಸೋಸುವ ಆ ಪಟ್ಟಿ ನಮ್ಮ ಸಿಗ್ನಲ್ಲನ್ನೂ ಸೋಸಿಬಿಡಬಹುದು. ಯುಪಿಎಸ್ಸಿನದೂ ಅದೇ ಕಥೆ. ಎರಡೂ ಪೆಟ್ಟಿಗೆ ಗೋಡೆಯ ಪ್ಲಗ್ಗಿಗೇ ಹೋಗಲಿ. ನಾವು ಇದನ್ನೆಲ್ಲ ಮಾಡಿ ನೋಡಿದೆವು. ಹಿಂದಿನ ಕೋಣೆಯ ಮೌನ ಮುರಿಯಲಿಲ್ಲ.

ನಮ್ಮ ಮನೆಯ ಅಸಲಿ ಕಾರಣ ಫೇಸ್. ಮೋಟರಿಗಾಗಿ ತ್ರೀ ಫೇಸ್ ಎಳೆಸಿರುವ ತೋಟದ ಮನೆಗಳಲ್ಲಿ ಜಗಲಿಗೊಂದು ಫೇಸ್, ಹಿಂದಿನ ಕೋಣೆಗಳಿಗೆ ಇನ್ನೊಂದು ಇರುವುದುಂಟು. ಒಂದು ಫೇಸಿನ ಸಿಗ್ನಲ್ ಇನ್ನೊಂದಕ್ಕೆ ದಾಟುವುದು ಕಷ್ಟ. ಪರೀಕ್ಷೆ ಸುಲಭ: ಮೇನ್ ಬೋರ್ಡಿನಲ್ಲಿ ಒಂದೊಂದೇ ಎಂಸಿಬಿ ಆಫ್ ಮಾಡಿ, ಯಾವ ಯಾವ ಕೋಣೆ ಕತ್ತಲಾಗುತ್ತೆ ನೋಡಿ ಬರೆದುಕೊಳ್ಳಿ. ಬೋರ್ಡ್ ಬಿಚ್ಚುವ ಸಾಹಸ ಮಾತ್ರ ಬೇಡ. ಊರಿನ ಎಲೆಕ್ಟ್ರಿಷಿಯನ್ ಅಣ್ಣ ಬಂದು, ಹಿಂದಿನ ಕೋಣೆಯ ಪಾಯಿಂಟನ್ನು ಜಗಲಿಯ ಫೇಸಿಗೇ ಸೇರಿಸಿಕೊಟ್ಟರು. ಡಯಲ್ ಟೋನ್ ಬಂತು.

ಅಷ್ಟಕ್ಕೇ ಮುಗಿಯಲಿಲ್ಲ. ಮಾತು ಕೇಳುತ್ತೆ, ರಿಂಗ್ ಆಗಲ್ಲ! ಲ್ಯಾಂಡ್‌ಲೈನಿನಲ್ಲಿ ಸುಮ್ಮನಿದ್ದಾಗ ಸುಮಾರು 48 ವೋಲ್ಟ್ ಡಿಸಿ ಇರುತ್ತದೆ. ರಿಂಗ್ ಮಾಡಲು ಎಕ್ಸ್‌ಚೇಂಜ್ ಅದರ ಮೇಲೆ ಸುಮಾರು 75 ವೋಲ್ಟ್ ಎಸಿ ಕಳಿಸುತ್ತದೆ. ಎಕ್ಸ್‌ಟೆಂಡರಿನ ಎರಡನೇ ಪೆಟ್ಟಿಗೆ ಆ ರಿಂಗನ್ನು ತಾನೇ ಹುಟ್ಟಿಸಬೇಕು. ಅಪ್ಪನ ಕಾಲದ ಗಂಟೆಯ ಫೋನ್ ಬಾರಿಸುವಷ್ಟು ಶಕ್ತಿ ಅದಕ್ಕಿರಲಿಲ್ಲ. ಹಗುರವಾದ ಎಲೆಕ್ಟ್ರಾನಿಕ್ ಫೋನ್ ಹಾಕಿದ ಮೇಲೆ ಬಾರಿಸಿತು. ಪಕ್ಕದಲ್ಲಿ ಮೊಬೈಲ್ ಚಾರ್ಜರ್ ಇದ್ದಾಗ ಗುಂಯ್ ಅನ್ನುತ್ತಿತ್ತು, ಅದನ್ನು ಬೇರೆ ಪ್ಲಗ್ಗಿಗೆ ಸಾಗಿಸಿದೆವು.

ಇಷ್ಟಾದರೂ ನನಗೆ ಇದರ ಮೇಲೆ ಪೂರ್ತಿ ನಂಬಿಕೆ ಇಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ನಮ್ಮಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಕರೆಂಟ್ ಹೋದರೆ ಎಕ್ಸ್‌ಟೆಂಡರೂ ಹೋಯಿತು. ತಾಮ್ರದ ಲೈನಿನ ಸಾದಾ ಫೋನ್ ಮಾತ್ರ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ನಡೆಯುತ್ತದೆ. ಫೈಬರ್ ಆದರೆ ಆ ಅನುಕೂಲವೂ ಇಲ್ಲ, ಮೋಡೆಮ್ಮಿಗೆ ಇನ್ವರ್ಟರ್ ಬೇಕೇ ಬೇಕು. ಊರಲ್ಲಿ ಅಪ್ಪ-ಅಮ್ಮ ಇಬ್ಬರೇ ಇದ್ದು, ಫೈಬರ್ ಹಾಕಿಸಲು ಬೆಂಗಳೂರಿನಿಂದಲೇ ಹೇಳುತ್ತಿದ್ದರೆ ಇದನ್ನು ಮೊದಲು ಕೇಳಿ.

ನಾವಂತೂ ಕೊನೆಗೆ ತೊಲೆಯ ಮೇಲೆ ಎರಡೆಳೆಯ ಟೆಲಿಫೋನ್ ವೈರನ್ನೂ ಎಳೆಸಿ, ಗಂಟೆಯ ಫೋನನ್ನು ಅಮ್ಮನ ಮಂಚದ ಪಕ್ಕಕ್ಕೆ ಸೇರಿಸಿದೆವು. ‘ಇದನ್ನ ಮೊದಲೇ ಮಾಡೋಕೆ ಏನಾಗಿತ್ತೋ?’ ಅಂತ ಅಮ್ಮ. ಎಕ್ಸ್‌ಟೆಂಡರ್ ಈಗ ಅಡುಗೆಮನೆಯಲ್ಲಿದೆ. ಗುಡುಗು ಶುರುವಾದ ಕೂಡಲೇ ಎರಡೂ ಪೆಟ್ಟಿಗೆ, ಜ್ಯಾಕಿನ ವೈರು ಎಲ್ಲವನ್ನೂ ಕಿತ್ತಿಡುವ ಕೆಲಸ ಮಾತ್ರ ಅಮ್ಮನದು.