ಆಘಾತ ಒಂದೇ, ಆಸರೆ ಬೇರೆ ಬೇರೆ

ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್ 11ರಂದು ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಘೋಷಿಸಿದ ಬಳಿಕ, ಷೇರುಪೇಟೆಗಳಿಗೂ ದೇಶದ ಗಡಿ ಇಲ್ಲವೆಂಬುದು ಸ್ಪಷ್ಟವಾಯಿತು. ಮಾರ್ಚ್ 16ರಂದು ಅಮೆರಿಕದ ಡೌ ಜೋನ್ಸ್ ಸೂಚ್ಯಂಕ ಸುಮಾರು ಶೇ 13ರಷ್ಟು ಕುಸಿಯಿತು. ವಾರದ ನಂತರ ಮುಂಬೈ ಷೇರುಪೇಟೆಯ ಸಂವೇದಿ ಸೂಚ್ಯಂಕವು ಒಂದೇ ದಿನ 3,934 ಅಂಶಗಳನ್ನು ಕಳೆದುಕೊಂಡಿತು.

ಆಘಾತ ಸಮಾನವಾಗಿದ್ದರೂ ಅದನ್ನು ತಾಳಿಕೊಳ್ಳುವ ಶಕ್ತಿ ಸಮಾನವಾಗಿರಲಿಲ್ಲ. ಕುಸಿತ ಮಿತಿಮೀರಿದಾಗ ವಹಿವಾಟನ್ನು ಕೆಲಕಾಲ ನಿಲ್ಲಿಸುವ ಕ್ರಮವನ್ನು ಆ ತಿಂಗಳು ಅಮೆರಿಕ ನಾಲ್ಕು ಬಾರಿ, ಭಾರತ ಎರಡು ಬಾರಿ ಅನುಸರಿಸಬೇಕಾಯಿತು. ಫಿಲಿಪ್ಪೀನ್ಸ್ ತನ್ನ ಪೇಟೆಯನ್ನು ಎರಡು ದಿನ ಮುಚ್ಚಿತು. ಇಟಲಿ, ಫ್ರಾನ್ಸ್, ದಕ್ಷಿಣ ಕೊರಿಯಾಗಳು ಬೆಲೆ ಇಳಿಕೆಯನ್ನೇ ನಂಬಿ ನಡೆಸುವ ಮಾರಾಟವನ್ನು ನಿಷೇಧಿಸಿದವು. ಇವು ಉಸಿರಾಡಲು ಬಿಡುವು ಕೊಟ್ಟವೇ ಹೊರತು ಭೀತಿಯನ್ನು ನೀಗಿಸಲಿಲ್ಲ.

ಭೀತಿ ನೀಗಿದ್ದು ಹಣದಿಂದ. ಅಮೆರಿಕದ ಫೆಡರಲ್ ರಿಸರ್ವ್ ಮಾರ್ಚ್ 23ರಂದು ಸರ್ಕಾರಿ ಸಾಲಪತ್ರಗಳನ್ನು ಅಗತ್ಯವಿರುವಷ್ಟು ಕೊಳ್ಳುವುದಾಗಿ ಸಾರಿತು. ಅಲ್ಲಿನ ಎಸ್ ಅಂಡ್ ಪಿ 500 ಸೂಚ್ಯಂಕ ತಳ ಕಂಡದ್ದು ಅದೇ ದಿನ. ಆಗಸ್ಟ್ 18ರ ಹೊತ್ತಿಗೆ, ಒಂದು ಕೋಟಿಗೂ ಹೆಚ್ಚು ಅಮೆರಿಕನ್ನರು ನಿರುದ್ಯೋಗಿಗಳಾಗಿದ್ದಾಗಲೇ, ಅದು ಹೊಸ ದಾಖಲೆ ಬರೆಯಿತು. ಪೇಟೆಯ ಸ್ಥಿರತೆ ಬೇರೆ, ಜನಜೀವನದ ಸ್ಥಿರತೆ ಬೇರೆ.

ಡಾಲರ್ ಮುದ್ರಿಸುವ ಈ ಅವಕಾಶ ಬೇರಾವ ದೇಶಕ್ಕೂ ಇಲ್ಲ. ಭೀತಿ ಆವರಿಸಿದಾಗ ಬಂಡವಾಳ ಡಾಲರ್‌ನತ್ತ ಮರಳುತ್ತದೆ. 2020ರ ಮಾರ್ಚ್ ಒಂದರಲ್ಲೇ ವಿದೇಶಿ ಹೂಡಿಕೆದಾರರು ಭಾರತದ ಷೇರುಗಳಿಂದ ಸುಮಾರು 62 ಸಾವಿರ ಕೋಟಿ ರೂಪಾಯಿ ಹಿಂತೆಗೆದರು. ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 4.4ಕ್ಕೆ ಇಳಿಸಿತು. ಅಮೆರಿಕದಲ್ಲಿ ಹಣ ಅಗ್ಗವಾದ ಮೇಲೆ ಅದೇ ವಿದೇಶಿ ಬಂಡವಾಳ ಮರಳಿ ಹರಿಯಿತು. 2021ರ ಜನವರಿಯಲ್ಲಿ ಸಂವೇದಿ ಸೂಚ್ಯಂಕ 50 ಸಾವಿರ ದಾಟಿತು.

ನಿಜವಾದ ಪಾಠ ದೊರೆತದ್ದು 2022ರಲ್ಲಿ. ಹಣದುಬ್ಬರ ತಡೆಯಲು ಅಮೆರಿಕ ಬಡ್ಡಿ ದರ ಏರಿಸಿದಾಗ ವಿದೇಶಿಯರು ನಮ್ಮ ಷೇರುಗಳಿಂದ ಒಂದು ಲಕ್ಷ ಕೋಟಿಗೂ ಹೆಚ್ಚು ಹಣ ಹಿಂಪಡೆದರು. ಆದರೂ ವರ್ಷಾಂತ್ಯದಲ್ಲಿ ಸಂವೇದಿ ಸೂಚ್ಯಂಕ ಏರಿಕೆಯಲ್ಲೇ ಇತ್ತು. ಮ್ಯೂಚುವಲ್ ಫಂಡ್‌ಗಳ ಮೂಲಕ ಹರಿದುಬಂದ ದೇಶೀಯ ಉಳಿತಾಯವೇ ಆಸರೆಯಾಯಿತು.

ಇದು ಹೆಮ್ಮೆಯ ಸಂಗತಿ, ಎಚ್ಚರಿಕೆಯೂ ಹೌದು. 2020–21ರಲ್ಲಿ ಡಿಮ್ಯಾಟ್ ಖಾತೆಗಳು ಸುಮಾರು 4.1 ಕೋಟಿಯಿಂದ 5.5 ಕೋಟಿಗೇರಿದವು. ಈ ಹೊಸಬರಲ್ಲಿ ಬಹುಪಾಲು ಜನ ಕಂಡದ್ದು ಏರುಪೇಟೆಯನ್ನು. ಪೇಟೆಯ ಸ್ಥಿರತೆಯ ಹೊಣೆ ಈಗ ಸಾಮಾನ್ಯ ಕುಟುಂಬಗಳ ಹೆಗಲೇರಿದೆ. ಪಿಡುಗಿನ ಕಾಲದಲ್ಲಿ ಉದ್ಯೋಗ ನಷ್ಟ, ಆಸ್ಪತ್ರೆಯ ಬಿಲ್ಲು ಹಾಗೂ ಷೇರು ಕುಸಿತ ಮೂರೂ ಒಂದೇ ತಿಂಗಳು ಬರಬಹುದು. ಸಾರ್ವಜನಿಕ ಆರೋಗ್ಯ ವ್ಯವಸ್ಥೆ ದುರ್ಬಲವಾಗಿರುವ ದೇಶದಲ್ಲಿ ಅಂತಹ ಕುಟುಂಬ ನಷ್ಟಕ್ಕಾದರೂ ಷೇರು ಮಾರಲೇಬೇಕಾಗುತ್ತದೆ. ಆದ್ದರಿಂದ ಆರೋಗ್ಯಕ್ಕೆ ಸರ್ಕಾರ ಮಾಡುವ ವೆಚ್ಚವನ್ನು ಷೇರುಪೇಟೆಯ ಸ್ಥಿರತೆಯ ತಳಹದಿಯೆಂದೂ ಪರಿಗಣಿಸಬೇಕು. ಮುಂದಿನ ಪಿಡುಗಿಗೆ ಮುನ್ನವೇ ಆಗಬೇಕಾದ ಕೆಲಸವಿದು.