ಸಾಮಾಜಿಕ ನ್ಯಾಯ: ಎರಡು ವರ್ಷ ಓದಿ ಏನ್ಮಾಡೋದು?

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಸೋಷಿಯಲ್ ಜಸ್ಟಿಸ್ ಸ್ಟಡೀಸ್ ಅಂತ ಎರಡು ವರ್ಷದ ಕಲಾ ಪದವಿ ಇದೆ. ನಮ್ಮ ಬಿಎಗೆ ಸಮ ಅಲ್ಲ, ಅದರ ಮೊದಲರ್ಧ ಅನ್ನಿ. ಜನಾಂಗ, ಲಿಂಗ, ವರ್ಗದ ಕಾರಣಕ್ಕೆ ಯಾರು ಹಿಂದುಳೀತಾರೆ, ಅದರ ವಿರುದ್ಧ ಹೋರಾಟ ಹೇಗೆ ನಡೀತು ಅನ್ನೋದು ಪಾಠ.

ನನಗೆ ಪಾಠಕ್ಕಿಂತ ಅದರ ಏರ್ಪಾಡೇ ಮುಖ್ಯ ಅನ್ನಿಸುತ್ತೆ. 2010ರ ಕಾನೂನಿನಿಂದ ಬಂದ ಈ 'ಟ್ರಾನ್ಸ್‌ಫರ್' ಪದವಿಯ 60 ಯೂನಿಟ್ ಮುಗಿಸಿ, ಕನಿಷ್ಠ ಗ್ರೇಡು ಇದ್ದರೆ, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮೂರನೇ ವರ್ಷಕ್ಕೆ ಸೀಟು ಖಾತ್ರಿ. ಕೇಳಿದ ಕ್ಯಾಂಪಸ್ಸೇ ಸಿಗುತ್ತೆ ಅಂತೇನಿಲ್ಲ ಬಿಡಿ. ಇನ್ನೂ 60 ಯೂನಿಟ್ ಓದಿದರೆ ಬಿಎ.

ನಮ್ಮ 2020ರ ಶಿಕ್ಷಣ ನೀತಿಯಲ್ಲೂ ಎರಡು ವರ್ಷಕ್ಕೆ ಡಿಪ್ಲೊಮಾ ಇದೆ, ಆದರೆ ಅದನ್ನ 'ಎಕ್ಸಿಟ್' ಅಂತೀವಿ. ಮನೆಯಲ್ಲಿ ದುಡ್ಡಿನ ತಾಪತ್ರಯ ಬಂದು ನಿಮ್ಮ ಮಗಳು ಅಲ್ಲಿಗೇ ನಿಲ್ಲಿಸಿದರೆ, ವಾಪಸ್ ಬಂದಾಗ ಸೀಟು ಇರುತ್ತಾ ಅಂತ ಕಾಲೇಜಲ್ಲಿ ಮೊದಲೇ ಕೇಳಿಟ್ಕೊಳ್ಳಿ.